ಒಂದು ಗೊಂಬೆಗೆ ಒಂದೇ ಸಲ

ಒಳಗೆ ಯಾವ ಗೊಂಬೆಯಿದೆಯೆಂದು ತಿಳಿಯದೆ ಕೊಳ್ಳುವ ಡಬ್ಬಿಯನ್ನು ಬೇರೆ ಊರುಗಳಲ್ಲಿ ಒಡೆದರೆ ಒಳಗೆ ಕೋರೆಹಲ್ಲಿನ ರಾಕ್ಷಸನೋ ಹೆಡೆಯೆತ್ತಿದ ಹಾವೋ ಸಿಗುತ್ತದಂತೆ. ನಮ್ಮ ಊರಿನಲ್ಲಿ ನಾವೇ ಸಿಗುತ್ತೇವೆ. ಇದಕ್ಕೆ ಆಶ್ಚರ್ಯಪಡುವುದನ್ನು ಊರಿನವರು ಬಹಳ ಹಿಂದೆಯೇ ಬಿಟ್ಟಿದ್ದಾರೆ. ಊರಾಚೆ ಮೋಜಿನ ತೋಟವಿದೆ. ಅಲ್ಲಿಯ ತಿರುಗುವ ತೊಟ್ಟಿಲು, ಪುಟಾಣಿ ರೈಲು ಎಲ್ಲ ತುಕ್ಕು ಹಿಡಿದು ನಿಂತಿದ್ದರೂ ಪಾತಾಳದೋಣಿ ಮಾತ್ರ ಇವತ್ತಿಗೂ ಓಡುತ್ತದೆ. ಇಬ್ಬರು ಕೂರುವ ದೋಣಿ ಸಿಮೆಂಟಿನ ಗುಹೆಯೊಳಗೆ ಹೋಗಿ, ಕತ್ತಲಲ್ಲಿ ಅತ್ತ ಇತ್ತ ತೇಲಿ, ಗಾರೆಯ ರಾಕ್ಷಸರ ಬಾಯಿಯಡಿ ನುಸುಳಿ, ಕೊನೆಗೆ ಎತ್ತರದಿಂದ ಧೊಪ್ಪೆಂದು ಬೆಳಕಿಗೆ ಬೀಳುತ್ತದೆ. ಬೀಳುವ ಆ ಗಳಿಗೆಯಲ್ಲಿ ನಮ್ಮ ಮುಖ ಹೇಗಿರುತ್ತದೋ ಹಾಗೆಯೇ, ಉಟ್ಟ ಬಟ್ಟೆಯ ಬಣ್ಣದ ಸಮೇತ, ಬೆರಳುದ್ದದ ವಿನೈಲ್ ಗೊಂಬೆಯಾಗಿ ಯಾವುದೋ ಡಬ್ಬಿಯಲ್ಲಿ ನಾವು ಬರುತ್ತೇವೆ. ಯಾವಾಗ, ಯಾರ ಕೈಗೆ ಎಂಬುದನ್ನು ಹೇಳಲು ಬರುವುದಿಲ್ಲ.

ಡಬ್ಬಿಗಳನ್ನು ಮಾರುವವನು ತೋಟದ ಬಾಗಿಲಲ್ಲಿ ಅಂಗಡಿಯಿಟ್ಟಿರುವ ರುಕ್ಮಾಂಗದ. ಮಂಗಳವಾರ ಲಾರಿಯಿಂದ ಇಳಿಸಿದ ಡಬ್ಬಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಗಂಡಸು, ಇದು ಹೆಂಗಸು, ಇದು ಇಲಾಖೆಯವರು ಎಂದು ಗಿರಾಕಿಗಳಿಗೆ ಗುಟ್ಟು ಹೇಳುವಂತೆ ಹೇಳುತ್ತಾನೆ. ಅವನು ಹೇಳಿದ್ದು ನಿಜವಾದದ್ದನ್ನು ಕಂಡವರಿಲ್ಲ. ಆದರೂ ಎಲ್ಲರೂ ಅವನನ್ನು ಕೇಳಿಯೇ ಕೊಳ್ಳುತ್ತಾರೆ.

ಡಬ್ಬಿಯಲ್ಲಿ ಯಾರು ಬಂದರೋ ಅವರ ಮನೆಗೆ ಹೋಗಿ, ‘ನೀವು ನಮ್ಮನೆಗೆ ಬಂದಿದ್ದೀರಿ’ ಎಂದು ಹೇಳಿ ಬರಬೇಕು. ಅವರು ತಮಗೆ ಅನುಕೂಲವಾದ ದಿನ ಬರುತ್ತಾರೆ, ತಮ್ಮನ್ನು ಎಲ್ಲಿ ಇಟ್ಟಿದ್ದಾರೆಂದು ನೋಡುತ್ತಾರೆ, ಕೊಟ್ಟದ್ದನ್ನು ತಿಂದೋ ಕುಡಿದೋ ಹೋಗುತ್ತಾರೆ. ಬಾಯಿಗೆ ಏನಾದರೂ ಬಿದ್ದರೆ ಭೇಟಿ ಪೂರ್ತಿಯಾದ ಹಾಗೆ. ಒಂದು ಗೊಂಬೆಗೆ ಒಂದೇ ಸಲ. ಆಮೇಲೆ ಅವರು ಬರಬೇಕಾಗಿಲ್ಲ, ನಾವು ಕರೆಯಬೇಕಾಗಿಲ್ಲ. ಇದಕ್ಕೆ ನಮ್ಮಲ್ಲಿ ಗೊಂಬೆ ನೋಡುವುದು ಎನ್ನುತ್ತಾರೆ. ಹೆಣ್ಣು ನೋಡುವುದು ಎನ್ನುತ್ತಾರಲ್ಲ, ಹಾಗೆ. ಅದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಅಲ್ಲಿಯೂ ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದವರು ಮತ್ತೆ ಆ ಕಡೆ ಸುಳಿಯುತ್ತಿರಲಿಲ್ಲ.

ನನ್ನ ಹೆಸರು ಇಂದ್ರಾಣಿ. ಇಷ್ಟು ದೊಡ್ಡ ಹೆಸರಿಟ್ಟ ನನ್ನ ಅಮ್ಮ ತೀರಿಕೊಂಡ ಮೇಲೆ ಅದನ್ನು ಬಳಸುವವರು ಯಾರೂ ಉಳಿಯಲಿಲ್ಲ. ಊರಿಗೆ ನಾನು ಫಾಲ್ಸಕ್ಕ. ಸೀರೆಗೆ ಫಾಲ್ಸ್ ಹಾಕುತ್ತೇನೆ, ಅಂಚಿಗೆ ಜಿಗ್‌ಜಾಗ್ ಹೊಡೆಯುತ್ತೇನೆ, ರವಿಕೆಗೆ ಹುಕ್ಕು ಹಾಕಿಕೊಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಓಣಿಯ ಕಡೆಗೆ ಒಂದು ಕಿಟಕಿ, ಕಿಟಕಿಗೆ ಹೊಲಿಗೆ ಯಂತ್ರ, ಯಂತ್ರಕ್ಕೆ ನಾನು. ಬಂದವರು ಕಿಟಕಿಯಿಂದ ಸೀರೆ ಒಳಗೆ ತೂರಿಸಿ, ‘ಫಾಲ್ಸಕ್ಕಾ, ನಾಳೆ ಬೇಕು’ ಎಂದು ಹೇಳಿ ಹೋಗುತ್ತಾರೆ. ನಾನು ಹೊಲಿಗೆಯಿಂದ ತಲೆಯೆತ್ತದೆ ಹೂಂಗುಟ್ಟುತ್ತೇನೆ. ಈ ಊರಿನ ಹೆಂಗಸರಿಗೆಲ್ಲ ನನ್ನ ಬೈತಲೆ ಚೆನ್ನಾಗಿ ಗೊತ್ತು.

ಮನೆಗೆ ಜನ ಬರಲಿ ಎಂದೇ ನಾನು ಡಬ್ಬಿ ಕೊಳ್ಳಲು ಶುರುಮಾಡಿದ್ದು. ಬಣ್ಣಕ್ಕೆ, ಚಂದಕ್ಕೆ ಕೊಳ್ಳುವವರೂ ಇದ್ದಾರೆ. ನನಗೆ ಅವೆಲ್ಲ ಬೇಕಿರಲಿಲ್ಲ. ಮೊದಲ ಡಬ್ಬಿಯಲ್ಲಿ ನಿವೃತ್ತ ಹೆಡ್‌ಮಾಸ್ತರು ಪ್ರಹ್ಲಾದಾಚಾರ್ಯರು ಬಂದರು, ಕಣ್ಣು ಕಿತ್ತುಬರುವ ಹಾಗೆ ಬಾಯಿ ತೆರೆದುಕೊಂಡು. ಅವರನ್ನು ಕರೆಯಲು ಹೋದಾಗ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಅವರು ಬಂದ ದಿನ ಬೆಳಗ್ಗೆಯಿಂದ ಅಂಗಡಿಗೆ ಬಾಗಿಲು ಹಾಕಿ ಶಾವಿಗೆ ಪಾಯಸ ಮಾಡಿದ್ದೆ. ತಮ್ಮ ಗೊಂಬೆ ಗೋಡೆಗೆ ತೀರ ಹತ್ತಿರವಾಯಿತು ಎಂದು ಅವರೇ ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದರು, ಪಾಯಸಕ್ಕೆ ಏಲಕ್ಕಿ ಕಡಿಮೆ ಎಂದರು, ಹೋದರು. ಆಮೇಲೆ ಹಾಲಿನವನ ಹೆಂಡತಿ ಬಂದಳು. ಕೈಚೀಲವನ್ನು ತೊಡೆಯ ಮೇಲಿಂದ ಇಳಿಸದೆಯೇ ಕುಳಿತು ಎದ್ದಳು. ಕರೆಂಟಿನ ಬಿಲ್ಲು ಕೊಡುವವನು ಬಂದ, ನಿಂತೇ ಚಹಾ ಕುಡಿದ. ಹೀಗೆ ಗೂಡು ತುಂಬುತ್ತ ಹೋಯಿತು. ಅಮ್ಮ ದೇವರ ಸಾಮಾನು ಇಡುತ್ತಿದ್ದ ಮೂರು ಹಲಗೆಯ ಗೂಡಿನಲ್ಲಿ ಈಗ ಅರ್ಧ ಊರು ಬಾಯಿ ತೆರೆದುಕೊಂಡು ನಿಂತಿದೆ. ಹಬ್ಬದ ದಿನ ಅವರನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಅವರು ಯಾರೂ ಮತ್ತೆ ಬರಲಿಲ್ಲ; ಬರಬೇಕೆಂಬ ನಿಯಮವೂ ಇಲ್ಲವಲ್ಲ. ದಾರಿಯಲ್ಲಿ ಸಿಕ್ಕರೆ ಕೆಲವರು ತಲೆ ಆಡಿಸುತ್ತಾರೆ, ಕೆಲವರು ಮರೆತಿರುತ್ತಾರೆ.

ಬೇರೆಯವರನ್ನು ಕರೆದು ಕರೆದು ಸಾಕಾಗಿ, ನನ್ನನ್ನೂ ಯಾರಾದರೂ ಕರೆಯಲಿ ಎಂದು ನಾನೂ ಪಾತಾಳದೋಣಿ ಹತ್ತಿದೆ. ಯುಗಾದಿಯ ಮರುದಿನ. ಗಿಳಿಹಸಿರು ಸೀರೆ, ಸಾಸಿವೆ ಬಣ್ಣದ ಅಂಚು. ಅದೊಂದೇ ನಾನು ನನಗಾಗಿ ಹೊಲಿದುಕೊಂಡದ್ದು. ಪಕ್ಕದ ಸೀಟು ಖಾಲಿಯಿತ್ತು. ಕತ್ತಲೆಯಲ್ಲಿ ಅಂಥ ಹೆದರಿಕೆಯೇನೂ ಆಗಲಿಲ್ಲ. ಕತ್ತಲೆಯಲ್ಲಿ ಒಬ್ಬಳೇ ಕೂರುವುದು ನನಗೆ ಹೊಸದಲ್ಲ. ಬೀಳುವಾಗ ಏನಾಯಿತೆಂದು ನೆನಪಿಲ್ಲ. ಸೆರಗು ಒದ್ದೆಯಾಗಿತ್ತು. ಮನೆಗೆ ಬಂದು ಸೀರೆ ಒಣಹಾಕಿ ಕಾಯತೊಡಗಿದೆ. ನನ್ನ ಹಾಗೆ ಆ ದಿನ ದೋಣಿ ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಯಾರ್‍ಯಾರ ಮನೆಗೋ ಹೋಗಿ ಒಬ್ಬಟ್ಟು ತಿಂದು ಬಂದರು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಓಣಿಯಲ್ಲಿ ಚಪ್ಪಲಿಯ ಸದ್ದಾದರೆ ಯಂತ್ರ ನಿಲ್ಲಿಸುತ್ತಿದ್ದೆ. ಸೀರೆ ತಂದವರಾಗಿರುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ಮಂಗಳವಾರ ರುಕ್ಮಾಂಗದನ ಅಂಗಡಿಯಿಂದ ತಂದ ಡಬ್ಬಿ ಒಡೆದೆ. ಒಳಗೆ ನಾನೇ ಇದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅದೇ ಗಿಳಿಹಸಿರು, ಅದೇ ಅಂಚು, ಅದೇ ಮುಂದಿನ ಮುರುಕು ಹಲ್ಲು. ಹಲ್ಲು ಕಾಣಿಸುತ್ತಿತ್ತು, ಯಾಕೆಂದರೆ ಗೊಂಬೆ ನಗುತ್ತಿತ್ತು. ಊರಿನವರೆಲ್ಲ ಕಿರುಚುತ್ತ ಬಿದ್ದರೆ ನಾನು ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಬಾಯ್ತುಂಬ ನಗುತ್ತ ಬಿದ್ದಿದ್ದೆ. ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ಕುಳಿತೆ. ನನಗೆ ಆ ಹೆಂಗಸಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ.

ತನ್ನ ಗೊಂಬೆ ತನಗೇ ಬಂದರೆ ಇಟ್ಟುಕೊಳ್ಳುವಂತಿಲ್ಲ. ತನ್ನ ಮನೆಗೆ ತಾನೇ ನೆಂಟನಾಗುವುದುಂಟೇ? ಅದನ್ನು ಹಿಡಿದು ಊರಿನಲ್ಲಿ ಓಡಾಡಬೇಕು, ಸಿಕ್ಕವರಿಗೆ ತೋರಿಸಿ ಇವರು ಯಾರು ಗೊತ್ತಾ ಎಂದು ಕೇಳಬೇಕು. ಇದು ನಾನೇ ಎಂದು ಬಾಯಿ ಬಿಡುವಂತಿಲ್ಲ. ಮೊದಲು ಗುರುತು ಹಿಡಿದವರು ಗೊಂಬೆ ಇಟ್ಟುಕೊಳ್ಳುತ್ತಾರೆ, ಅವರ ಮನೆಗೆ ನಾವು ಹೋಗುತ್ತೇವೆ. ಸಾಮಾನ್ಯವಾಗಿ ಇದು ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಪುರಸಭೆಯ ಗುಮಾಸ್ತನಿಗೆ ಅವನ ಗೊಂಬೆಯೇ ಬಂದಾಗ ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮೂವರು ಕಿತ್ತಾಡಿದ್ದರು. ಅವನಿಂದ ಎಲ್ಲರಿಗೂ ಕೆಲಸವಿತ್ತು.

ನಾನು ಮೊದಲು ಪಕ್ಕದ ಮನೆಯ ಕಮಲಾಬಾಯಿಯ ಹತ್ತಿರ ಹೋದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಗೊಂಬೆಯನ್ನು ಮೊರದ ಮೇಲೆ ನಿಲ್ಲಿಸಿ ಕೇಳಿದೆ. ಬಗ್ಗಿ ನೋಡಿದಳು, ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದಳು.

“ಯಾರೋ ಬೇರೆ ಊರೋರು ಕಣಮ್ಮ,” ಎಂದಳು. “ನಮ್ಮೂರಲ್ಲಿ ಹಿಂಗೆ ನಗೋರು ಯಾರಿದಾರೆ?”

ನಾನು ಆಕೆಯ ಮುಂದೆ ಒಂದು ಮಾರು ದೂರದಲ್ಲಿ ಕುಳಿತಿದ್ದೆ. ಬೆಳಕು ನನ್ನ ಮುಖದ ಮೇಲೆಯೇ ಬೀಳುತ್ತಿತ್ತು. ಹೌದೇನೋ ಎಂದು ಹೇಳಿ ಗೊಂಬೆಯನ್ನು ಎತ್ತಿಕೊಂಡು ಬಂದೆ.

ಮರುದಿನ ಪೇಟೆಬೀದಿಗೆ ಹೋದೆ. ಸೀರೆ ಅಂಗಡಿಯ ಯಜಮಾನಿ ನೋಡಿದ ಕೂಡಲೇ ಕಣ್ಣರಳಿಸಿದಾಗ ನಾನು ಸೆರಗು ಸರಿಮಾಡಿಕೊಂಡೆ. ಅವಳು ಗುರುತಿಸಿದ್ದು ಸೀರೆಯನ್ನು. ಇದು ನಮ್ಮಂಗಡಿಯದೇ, ಈ ಅಂಚಿನದು ಆ ವರ್ಷ ಎರಡೇ ತರಿಸಿದ್ದೆವು ಎಂದಳು, ಇದಕ್ಕೆ ಫಾಲ್ಸ್ ಹಾಕಿದ್ದು ನೀವೇ ಅಲ್ಲವೇ ಎಂದು ನನ್ನನ್ನೇ ಕೇಳಿದಳು. ಹೌದು ಎಂದೆ. ಹಾಗಾದರೆ ಯಾರು ತಂದುಕೊಟ್ಟರೆಂದು ನೀವೇ ನೆನಪು ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದಳು. ಹೆಡ್‌ಮಾಸ್ತರು ಕನ್ನಡಕ ಹಾಕಿ ನೋಡಿ, ಈ ವಯಸ್ಸಿನ ಹೆಂಗಸು ಹೀಗೆ ಹಲ್ಲು ಕಿಸಿಯುವುದು ಶೋಭೆಯಲ್ಲ ಎಂದರು. ಬಿಲ್ಲಿನವನು ನೋಡಲೂ ಇಲ್ಲ, ತನಗೆ ಮೀಟರ್ ನಂಬರು ಹೇಳಿದರೆ ಗೊತ್ತಾಗುತ್ತದೆ ಎಂದ.

ಹೂವು ಮಾರುವ ವೆಂಕಟಲಕ್ಷ್ಮಿ ಮಾತ್ರ ನೋಡಿದ ತಕ್ಷಣ, ಅಯ್ಯೋ ಇದು ನಮ್ಮ ದೊಡ್ಡಪ್ಪನ ಮಗಳು ಎಂದು ಗೊಂಬೆಯನ್ನು ಕಣ್ಣಿಗೊತ್ತಿಕೊಂಡಳು. ಅಲ್ಲ ಎನ್ನುವಂತಿರಲಿಲ್ಲ. ಅವಳ ಮನೆಯಲ್ಲಿ ಅತ್ತೆ, ಮೈದುನ, ಓರಗಿತ್ತಿ, ಅವರ ಮಕ್ಕಳು ಎಲ್ಲ ಒಟ್ಟಿಗಿದ್ದಾರೆ. ಆ ದಿನ ಕೆಲಸ ಮಾಡುತ್ತ ಕೂತವಳಿಗೆ ಮನಸ್ಸೆಲ್ಲ ಅಲ್ಲೇ ಇತ್ತು. ಈಗ ಅವರು ಊಟಕ್ಕೆ ಕೂತಿರಬಹುದು, ಯಾರೋ ನನ್ನನ್ನು ನೋಡಿ ಏನೋ ಹೇಳಿರಬಹುದು, ಮಗುವೊಂದು ಕೈ ಚಾಚಿ ಬೈಸಿಕೊಂಡಿರಬಹುದು. ಬೇರೆಯವಳ ಹೆಸರಿನಲ್ಲಾದರೂ ನಾನು ಆ ಮನೆಯಲ್ಲಿದ್ದೆ. ಮರುದಿನ ಬೆಳಗ್ಗೆ ವೆಂಕಟಲಕ್ಷ್ಮಿ ಒಂದು ಮೊಳ ಮಲ್ಲಿಗೆಯ ಜೊತೆ ಗೊಂಬೆಯನ್ನು ವಾಪಸು ತಂದುಕೊಟ್ಟಳು. ದೊಡ್ಡಪ್ಪನ ಮಗಳು ಬಂದು, ನಾನೇನು ಹೀಗಿದ್ದೀನಾ ಎಂದು ಜಗಳವಾಡಿ ಹೋದಳಂತೆ. ತಪ್ಪು ತಿಳಿಯಬೇಡಿ ಅಕ್ಕ ಎಂದಳು. ಆ ಹೂವನ್ನು ಮುಡಿಯಬೇಕೋ ಬೇಡವೋ ಗೊತ್ತಾಗಲಿಲ್ಲ. ಗೊಂಬೆಯ ಪಕ್ಕದಲ್ಲಿ ಇಟ್ಟೆ.

ಓಣಿಯ ಆಚೆ ಬದಿಗೆ, ನನ್ನ ಕಿಟಕಿಗೆ ನೇರವಾಗಿ, ಬೈಂಡಿಂಗ್ ಶಂಭುಲಿಂಗಯ್ಯನವರ ಅಂಗಡಿ. ಶಾಲೆಯ ರಿಜಿಸ್ಟರು, ಹಳೆಯ ಪುಸ್ತಕ, ಪಂಚಾಂಗ ಎಲ್ಲಕ್ಕೂ ರಟ್ಟು ಹಾಕುವವರು. ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಅವರೊಬ್ಬರೇ. ಪಾತಾಳದೋಣಿಯನ್ನು ಒಮ್ಮೆಯೂ ಹತ್ತಿದವರಲ್ಲ, ಕಾಗದದವರಿಗೂ ನೀರಿಗೂ ಆಗಿಬರುವುದಿಲ್ಲ ಎನ್ನುತ್ತಿದ್ದರಂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ ಇಡೀ ಊರು ಸುತ್ತಿ ಕೊನೆಗೆ ಅವರ ಹತ್ತಿರ ಹೋದೆ. ಅವರು ದಬ್ಬಳ ಕೆಳಗಿಟ್ಟರು. ಗೊಂಬೆಯನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು, ನನ್ನ ಕಡೆ ನೋಡಲಿಲ್ಲ. ಗೊತ್ತಿಲ್ಲ ಎಂದರು.

ಅಲ್ಲಿಗೆ ಊರು ಮುಗಿಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಜನ ನನ್ನನ್ನು ಇಷ್ಟಪಡುವುದಿಲ್ಲ ಎಂದಿದ್ದರೆ ತಡೆದುಕೊಳ್ಳಬಹುದಿತ್ತು, ಅದಕ್ಕೂ ನಾನು ಯಾರೆಂದು ಗೊತ್ತಿರಬೇಕಲ್ಲ. ಇಷ್ಟು ವರ್ಷ ಇವರ ಮದುವೆಗೆ, ಸೀಮಂತಕ್ಕೆ, ತಿಥಿಗೆ ಸೀರೆಯ ಅಂಚು ಹೊಲಿದೆ. ನಾಳೆ ನಾನು ಸತ್ತರೆ ಇವರು ಹೆಣದ ಮುಂದೆ ನಿಂತು ಇದು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಯಾರು. ಈ ಯೋಚನೆ ಬಂದಾಗ ಅಳುವಿನ ಮಧ್ಯೆ ನಗುವೂ ಬಂತು. ಎದ್ದು ಮುಖ ತೊಳೆದೆ.

ಗೊಂಬೆಯನ್ನು ರುಕ್ಮಾಂಗದನಿಗೇ ಕೊಟ್ಟುಬಿಡೋಣ, ಬೇಕಾದರೆ ಕರಗಿಸಲಿ ಎಂದುಕೊಂಡು ಅದರ ಡಬ್ಬಿ ಹುಡುಕಿದೆ. ಯಂತ್ರದ ಕೆಳಗೆ ಚಿಂದಿಬಟ್ಟೆಯ ಜೊತೆ ಬಿದ್ದಿತ್ತು. ಹರಿದ ಮುಚ್ಚಳವನ್ನು ಸರಿಮಾಡಲು ಬೆಳಕಿಗೆ ಹಿಡಿದಾಗ ಅಂಟಿನ ಮೇಲೆ ಕಣ್ಣು ಬಿತ್ತು. ಉಳಿದ ಡಬ್ಬಿಗಳಲ್ಲಿ ಅಂಟು ಗಾಜಿನಂತೆ ತಿಳಿಯಾಗಿರುತ್ತದೆ. ಇದರ ಮುಚ್ಚಳದ ಒಳಗೆ ಆ ತಿಳಿ ಅಂಟಿನ ಮೇಲೆ ಇನ್ನೊಂದು ಪದರವಿತ್ತು, ಬಿಳಿಯದು, ಒಣಗಿ ಹೊಪ್ಪಳೆ ಎದ್ದಿತ್ತು, ಸ್ವಲ್ಪ ನೀಲಿಗೆ ತಿರುಗಿತ್ತು. ಉಗುರಿನಿಂದ ಕೆರೆದೆ. ಮೈದಾಹಿಟ್ಟಿನ ಅಂಟು, ಮೈಲುತುತ್ತ ಹಾಕಿ ಕಾಸಿದ್ದು. ಹುಳ ಹಿಡಿಯದಿರಲಿ ಎಂದು ಪುಸ್ತಕ ಕಟ್ಟುವವರು ಮಾತ್ರ ಹಾಗೆ ಮಾಡುತ್ತಾರೆ. ನನ್ನ ಗೋಡೆಯ ಮೇಲಿನ ರವಿಕೆ ಮಾದರಿಯ ಚಿತ್ರ ಅಂಟಿಸಲು ಶಂಭುಲಿಂಗಯ್ಯನವರು ಒಮ್ಮೆ ಅದನ್ನು ತೆಂಗಿನ ಚಿಪ್ಪಿನಲ್ಲಿ ಕೊಟ್ಟು, ವಿಷ, ಕೈ ತೊಳೆದುಕೊಳ್ಳಿ ಎಂದಿದ್ದರು. ಗೋಡೆಯ ಹತ್ತಿರ ಹೋಗಿ ನೋಡಿದೆ. ಅದೇ ನೀಲಿ.

ರುಕ್ಮಾಂಗದನನ್ನು ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ. ಬೇಡವಾದವರು ಬಂದರೆ ಕೆಲವರು ಡಬ್ಬಿಯನ್ನು ಮತ್ತೆ ಅಂಟಿಸಿ ತಂದು ಸದ್ದಿಲ್ಲದೆ ಇಟ್ಟು ಹೋಗುತ್ತಾರೆ, ನಾನು ನೋಡಿಯೂ ನೋಡದ ಹಾಗಿರುತ್ತೇನೆ ಎಂದ. ಅತ್ತೆಯ ಗೊಂಬೆ ಬಂದರೆ ಸೊಸೆ ಏನು ಮಾಡಬೇಕು ಹೇಳಿ ಎಂದು ನನ್ನನ್ನೇ ಕೇಳಿದ.

ಹಾಗಾದರೆ ನಾನು ಬಂದಿದ್ದೆ. ನನಗಿಂತ ಮೊದಲೇ ನಾನು ಒಬ್ಬರ ಕೈಗೆ ಬಂದಿದ್ದೆ, ಅವರು ನನ್ನನ್ನು ನೋಡಿ, ಬೇಡವೆಂದು ಮುಚ್ಚಿಟ್ಟಿದ್ದರು. ದಾರಿಯುದ್ದಕ್ಕೂ ಕೋಪದಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆದರೆ ಓಣಿಯ ತಿರುವಿಗೆ ಬರುವಷ್ಟರಲ್ಲಿ ಕೋಪದ ಕೆಳಗೆ ಇನ್ನೇನೋ ಆಡತೊಡಗಿತ್ತು. ಹೇಳಿಕೊಳ್ಳಲು ನಾಚಿಕೆ, ಅದು ಸಂತೋಷ. ಬೇಡ ಎನ್ನಬೇಕಾದರೆ ಮೊದಲು ಗುರುತು ಹಿಡಿದಿರಬೇಕು. ಈ ಊರಿನಲ್ಲಿ ಒಬ್ಬ ಮನುಷ್ಯ ನನ್ನ ನಗುವ ಮುಖವನ್ನು ನೋಡಿ, ಇದು ಇಂಥವಳು ಎಂದು ತಿಳಿದಿದ್ದ.

ಸಂಜೆ ಶಂಭುಲಿಂಗಯ್ಯನವರು ಅಂಗಡಿಯ ಹಲಗೆಗಳನ್ನು ಹಾಕುವ ಮೊದಲೇ ಹೋದೆ. ಡಬ್ಬಿಯನ್ನು ಅವರ ಬೆಂಚಿನ ಮೇಲೆ ಇಟ್ಟು, ಇದನ್ನು ಅಂಟಿಸಿದ್ದು ನೀವೇ ಅಲ್ಲವೇ ಎಂದು ಕೇಳಿದೆ. ಅವರು ಡಬ್ಬಿ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಹೌದು ಎಂದರು. ಒಳಗೆ ಬನ್ನಿ ಎಂದರು. ಕೋಪದಲ್ಲಿದ್ದರೂ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಂದೇ ಕೋಣೆ. ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ಗೊಂಬೆಗಳು. ಪೋಸ್ಟ್‌ಮಾಸ್ತರು, ಸೋಡಾ ಅಂಗಡಿಯವನು, ನರ್ಸಮ್ಮ. ಎಲ್ಲರೂ ಬಾಯಿ ತೆರೆದುಕೊಂಡಿದ್ದರು. ಒಂದಕ್ಕೂ ಧೂಳಿರಲಿಲ್ಲ. ಗೊಂಬೆಗಳ ಮುಂದೆ ಒಂದು ಕುರ್ಚಿ, ಬಂದವರಿಗೆ. ನಾನು ಕೂರಲಿಲ್ಲ.

“ಇಡೀ ಊರು ಸುತ್ತಿದೀನಿ ನಾನು,” ಎಂದೆ. “ಒಬ್ರೂ ಗುರುತು ಹಿಡೀಲಿಲ್ಲ. ಹಿಡಿದೋರು ನೀವೊಬ್ರು, ನೀವು ವಾಪಸ್ ಅಂಟಿಸಿಬಿಟ್ರಿ. ಎದುರಿಗೆ ತಂದು ತೋರಿಸಿದ್ರೂ ಗೊತ್ತಿಲ್ಲ ಅಂದ್ರಿ. ನಾನು ಬಂದು ಒಂದು ಲೋಟ ಕಾಫಿ ಕುಡಿದು ಹೋಗಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವರು ಹಲಗೆಯ ಕಡೆ ನೋಡುತ್ತ ನಿಂತಿದ್ದರು.

“ಹೋಗ್ತಿದ್ರಲ್ಲ,” ಎಂದರು. “ಕುಡಿದು ಹೋಗ್ತಿದ್ರಿ. ಅಲ್ಲಿಗೆ ಮುಗಿದುಹೋಗ್ತಿತ್ತು.”

ಆಮೇಲೆ ನಿಧಾನವಾಗಿ ಹೇಳಿದರು. ಅವರಿಗೆ ಮಾತಾಡಿ ಅಭ್ಯಾಸ ಕಡಿಮೆ, ಮಧ್ಯೆ ಮಧ್ಯೆ ನಿಲ್ಲುತ್ತಿದ್ದರು. ಮೊದಮೊದಲು ಅವರೂ ಜನ ಬರಲಿ ಎಂದೇ ಡಬ್ಬಿ ತಂದರಂತೆ. ಬರುವ ತನಕ ಚೆನ್ನಾಗಿರುತ್ತಿತ್ತು. ಇವತ್ತು ಬರಬಹುದು, ನಾಳೆ ಬರಬಹುದು ಎಂದು ನೆಲ ಒರೆಸುವುದು, ಲೋಟ ತೊಳೆಯುವುದು. ಬಂದು ಹೋದ ಮೇಲೆ ಕುರ್ಚಿಯನ್ನು ಸರಿಯಾಗಿ ಇಡಲೂ ಮನಸ್ಸಾಗುತ್ತಿರಲಿಲ್ಲ. ಪೋಸ್ಟ್‌ಮಾಸ್ತರರು ಬಂದು ಹೋದ ವಾರ ಒಂದೂ ಪುಸ್ತಕ ಕಟ್ಟಲಿಲ್ಲವಂತೆ. ನನ್ನ ಗೊಂಬೆ ಬಂದಾಗ ನೋಡಿದ ಕೂಡಲೇ ಗೊತ್ತಾಯಿತು ಎಂದರು.

ಅದು ಹೇಗೆ ಎಂದು ಕೇಳಿದೆ. ಕಮಲಾಬಾಯಿಗೆ ಗೊತ್ತಾಗದ್ದು, ಕನ್ನಡಿ ಇಟ್ಟುಕೊಂಡ ನನಗೇ ಅರ್ಧ ಗೊತ್ತಾದದ್ದು.

“ಸೂಜಿಗೆ ದಾರ ಪೋಣಿಸೋವಾಗ ತಲೆ ಎತ್ತತೀರಲ್ಲ, ಬೆಳಕಿಗೆ,” ಎಂದರು. “ದಾರ ಒಳಗೆ ಹೋದ ತಕ್ಷಣ ಒಂಚೂರು ನಗತೀರಿ. ನಿಮಗೆ ಗೊತ್ತಿರಲ್ಲ. ಅದೇ ನಗು ಇದು. ಇನ್ನಷ್ಟು ಜಾಸ್ತಿ, ಅಷ್ಟೆ.”

ಕಿಟಕಿಯ ಆಚೆಗೆ ಒಬ್ಬರು ಇಷ್ಟು ವರ್ಷ ಇದ್ದದ್ದು ನನಗೂ ಗೊತ್ತಿರಲಿಲ್ಲ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಅಂಟಿನ ವಾಸನೆ ಒಂದೇ.

ನೀವು ಬಂದುಬಿಟ್ಟರೆ ಬಂದು ಹೋದವರ ಸಾಲಿಗೆ ಸೇರುತ್ತೀರಿ, ಬರದಿದ್ದರೆ ಇನ್ನೂ ಬರಬೇಕಾದವರಾಗಿ ಉಳಿಯುತ್ತೀರಿ ಎಂದು ಹಾಗೆ ಮಾಡಿದೆ ಎಂದರು. ನಾಲ್ಕು ಜನರಿರುವ ಮನೆಗೆ ಹೋದರೆ ನಿಮಗೂ ಒಂದು ಒಳ್ಳೆಯ ಊಟ ಸಿಗುತ್ತದೆ, ನನ್ನಲ್ಲೇನಿದೆ ಎಂದರು. ನಿಮಗೇ ವಾಪಸು ಬರುತ್ತದೆಂದು ಅಂದುಕೊಂಡಿರಲಿಲ್ಲ. ನೀವು ಊರೆಲ್ಲ ಸುತ್ತುತ್ತಿದ್ದುದನ್ನು ಬೆಂಚಿನಿಂದ ನೋಡುತ್ತಿದ್ದೆ, ಯಾರಾದರೂ ಹೇಳಿಯಾರು ಎಂದು ದಿನಾ ಅಂದುಕೊಳ್ಳುತ್ತಿದ್ದೆ ಎಂದು ಹೇಳಿ, ತಪ್ಪಾಯಿತು ಎಂದರು.

ತಪ್ಪಾಯಿತು ಎಂದರೆ ಸಾಕೇ. ಚೀಲದಿಂದ ಗೊಂಬೆ ತೆಗೆದು, ಕ್ರಮದಲ್ಲಿ ಹೇಗೆ ಕೇಳಬೇಕೋ ಹಾಗೆ ಅವರ ಮುಂದೆ ಹಿಡಿದೆ.

“ಇವರು ಯಾರು, ಗೊತ್ತಾ?”

ಈ ಸಲ ಅವರು ಗೊಂಬೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು.

“ನೀವು,” ಎಂದರು.

ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸೋಡಾ ಅಂಗಡಿಯವನನ್ನು ಸ್ವಲ್ಪ ಆಚೆ ಸರಿಸಿ, ಬೆಳಕು ಬೀಳುವ ಕಡೆ ಇಟ್ಟರು. ಕಿರುಚುವವರ ಸಾಲಿನಲ್ಲಿ ನಾನೊಬ್ಬಳು ನಗುತ್ತ ನಿಂತದ್ದು ನೋಡಲು ವಿಚಿತ್ರವಾಗಿತ್ತು. ಆಗ ಕುರ್ಚಿಯಲ್ಲಿ ಕುಳಿತೆ. ಅವರು ಅಡುಗೆಮನೆಯೆಂದು ಕರೆಯುವ ಮೂಲೆಗೆ ಹೋಗಿ ಸ್ಟೌ ಹಚ್ಚಿದರು. ಪಾತ್ರೆಯ ಸದ್ದು ಕೇಳುತ್ತ ಕುಳಿತಿದ್ದೆ. ಬೇರೊಬ್ಬರು ನನಗಾಗಿ ಕಾಫಿ ಮಾಡುವ ಸದ್ದನ್ನು ಅಮ್ಮ ಹೋದ ಮೇಲೆ ಕೇಳಿರಲಿಲ್ಲ. ತಂದಿಟ್ಟರು. ಒಳ್ಳೆಯ ವಾಸನೆ. ಮೇಲೆ ನೊರೆಯಿತ್ತು. ಅವರು ಕುರ್ಚಿಯಿಲ್ಲದೆ ರಟ್ಟಿನ ಕಟ್ಟಿನ ಮೇಲೆ ಕುಳಿತು ನೆಲ ನೋಡುತ್ತಿದ್ದರು, ಶಿಕ್ಷೆಗೆ ಕಾಯುವವರ ಹಾಗೆ.

ಲೋಟವನ್ನು ತುಟಿಯವರೆಗೆ ತಂದೆ. ಮತ್ತೆ ಕೆಳಗಿಟ್ಟೆ.

“ಈಗ ಬೇಡ,” ಎಂದೆ. “ನಾಳೆ ಕುಡೀತೀನಿ.”

ಅವರು ತಲೆಯೆತ್ತಿದರು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ನಾಳೆ ಹಾಲು ಜಾಸ್ತಿ ತಂದಿಟ್ಟಿರುತ್ತೇನೆ ಎಂದರು.

ಮರುದಿನವೂ ಕುಡಿಯಲಿಲ್ಲ. ಭೇಟಿ ಪೂರ್ತಿಯಾಗದಿದ್ದರೆ ಮತ್ತೆ ಹೋಗಲೇಬೇಕು, ಅದು ಈ ಊರಿನ ಕ್ರಮ, ನಾನು ಮಾಡಿದ್ದಲ್ಲ. ಕೆಲಸ ಮುಗಿದ ಮೇಲೆ ಓಣಿ ದಾಟಿ ಹೋಗುತ್ತೇನೆ. ಅವರು ಕಾಫಿ ಮಾಡಿ ತಂದಿಡುತ್ತಾರೆ. ನಾವು ಮಾತಾಡುತ್ತೇವೆ, ಕೆಲವು ಸಂಜೆ ಮಾತೇ ಇರುವುದಿಲ್ಲ, ಅವರು ಕಾಗದ ಮಡಿಸುತ್ತಾರೆ, ನಾನು ಹುಕ್ಕು ಹಾಕುತ್ತೇನೆ. ಕಾಫಿ ಆರಿ ಕೆನೆಗಟ್ಟುತ್ತದೆ. ನಾನು ಎದ್ದು ಮನೆಗೆ ಬಂದು, ಬಾಗಿಲು ತೆರೆದು, ಊರಿನವರ ಗೊಂಬೆಗಳ ಮುಂದೆ ಒಬ್ಬಳೇ ಕೂತು ಅನ್ನ ತಿನ್ನುತ್ತೇನೆ. ಅದೇನೂ ಬದಲಾಗಿಲ್ಲ. ಡಬ್ಬಿ ಕೊಳ್ಳುವುದನ್ನು ಮಾತ್ರ ಬಿಟ್ಟಿದ್ದೇನೆ.

ಊರಿನವರು ಇದನ್ನೆಲ್ಲ ಗಮನಿಸದೆ ಬಿಡುತ್ತಾರೆಯೇ. ಗುರುತು ಹಿಡಿಯಲು ಕಣ್ಣಿಲ್ಲದವರಿಗೆ ಇಂಥದ್ದಕ್ಕೆ ಮೈಯೆಲ್ಲ ಕಣ್ಣು. ಫಾಲ್ಸಕ್ಕ ಶಂಭುಲಿಂಗಯ್ಯನ ಮನೆಯಲ್ಲಿ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲವಂತೆ, ಡಬ್ಬಿ ವಾಪಸು ಅಂಟಿಸಿದ ಸಿಟ್ಟು ಇನ್ನೂ ಇಳಿದಿಲ್ಲವಂತೆ, ದಿನಾ ಹೋಗಿ ಅವರ ಕಾಫಿಯನ್ನು ಅವರ ಮುಂದೆಯೇ ಆರಿಸಿ ಅವಮಾನ ಮಾಡಿ ಬರುತ್ತಾಳಂತೆ. ಕಮಲಾಬಾಯಿ ಒಂದು ದಿನ ಕಿಟಕಿಯ ಹತ್ತಿರ ಬಂದು ನಿಂತಳು. ಮನುಷ್ಯ ಒಳ್ಳೆಯವನು, ಹಳೆಯದನ್ನು ಮರೆತುಬಿಡು, ಒಂದು ಲೋಟ ಕುಡಿದು ಮುಗಿಸಿಬಿಡು, ಹಗೆ ಎಷ್ಟು ದಿನ ಸಾಧಿಸುತ್ತೀಯೆ ಎಂದು ಬುದ್ಧಿ ಹೇಳಿದಳು. ನೋಡೋಣ ಎಂದೆ.

ಮೊನ್ನೆ ಬಿಸಿಲು ವಿಪರೀತವಿತ್ತು. ಓಣಿ ದಾಟುವಷ್ಟರಲ್ಲಿ ತಲೆ ಸುತ್ತು ಬಂದಂತಾಗಿ ಅವರ ಹೊಸ್ತಿಲಲ್ಲಿ ಕಂಬ ಹಿಡಿದುಕೊಂಡೆ. ಅವರು ಗಾಬರಿಯಾಗಿ ಮಡಕೆಯಿಂದ ನೀರು ತಂದು ನನ್ನ ಮುಂದೆ ಹಿಡಿದರು, ಹಿಡಿದ ಮೇಲೆ, ನೀರು ಕುಡಿದರೂ ಭೇಟಿ ಮುಗಿಯುತ್ತದೆಂದು ನೆನಪಾಗಿ ಲೋಟವನ್ನು ಅರ್ಧ ಹಿಂದಕ್ಕೆ ತೆಗೆದು ಮತ್ತೆ ಮುಂದೆ ಹಿಡಿದರು. ಕುಡಿಯಿರಿ ಎಂದರು, ಪರವಾಗಿಲ್ಲ, ಕುಡಿಯಿರಿ ಎಂದು ಇನ್ನೊಮ್ಮೆ ಹೇಳಿದರು. ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಲೋಟವನ್ನು ತೆಗೆದುಕೊಂಡು ಮುಖಕ್ಕೆ ಚಿಮುಕಿಸಿಕೊಂಡೆ, ಉಳಿದದ್ದನ್ನು ತಲೆಗೆ ತಟ್ಟಿಕೊಂಡೆ, ತುಟಿಗೆ ಇಳಿದ ಹನಿಯನ್ನು ಸೆರಗಿನಿಂದ ಒರೆಸಿ, ಖಾಲಿ ಲೋಟವನ್ನು ಅವರ ಕೈಗೆ ಕೊಟ್ಟೆ.